ನಿಂತು ನೋಡುವ ಮನಸ್ಸು



ಬೆಟ್ಟವನ್ನು ಉಳಿಸಿಕೊಳ್ಳಲು ಮೊದಲು ಬೇಕಾದುದು ಅದರ ಬಗ್ಗೆ ದೀರ್ಘವಾಗಿ ಆಲೋಚಿಸಬಲ್ಲ ಮನಸ್ಸು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆಯನ್ನೇ ನೋಡಬಹುದು. ಸಿಡಿತದ ಕಂಪನದಿಂದ ಕೃಷ್ಣರಾಜಸಾಗರಕ್ಕೆ ಅಪಾಯವುಂಟೆ ಎಂಬ ಪ್ರಶ್ನೆ ವರ್ಷಗಟ್ಟಲೆ ಚರ್ಚೆಯಲ್ಲಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆಯೊಡ್ಡಿತು. ಇಂಥ ಪ್ರಶ್ನೆಯಲ್ಲಿ ಬಂಡೆಯ ಗುಣ, ಕಂಪನದ ಅಳತೆ, ಕೂಲಿಕಾರರ ಅನ್ನ, ಕಾನೂನು ಎಲ್ಲವೂ ಹೆಣೆದುಕೊಂಡಿರುತ್ತವೆ. ಘೋಷಣೆ ಕೂಗಲು ನಿಮಿಷ ಸಾಕು. ಈ ಸಿಕ್ಕನ್ನು ಬಿಡಿಸಲು ದಿನಗಟ್ಟಲೆಯ ಸಹನೆ ಬೇಕು. ಆ ಸಹನೆಯೇ ಇಂದು ಕರಗುತ್ತಿದೆ.

ಇದು ಕೇವಲ ಸೋಮಾರಿತನವಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ತೊಡಗಿದಾಗ ಗಮನದ ಒಂದಂಶ ಹಿಂದಿನ ಕೆಲಸದಲ್ಲೇ ಉಳಿಯುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟರು. ಪುಟಕ್ಕೊಮ್ಮೆ ಮೊಬೈಲ್ ನೋಡುವ ವಿದ್ಯಾರ್ಥಿ ಇಡೀ ಮನಸ್ಸಿನಿಂದ ಪುಸ್ತಕದಲ್ಲೂ ಇರುವುದಿಲ್ಲ, ಮೊಬೈಲ್‌ನಲ್ಲೂ ಇರುವುದಿಲ್ಲ.

ಕಳೆದುಹೋದ ಗಮನ ಮರಳಿ ಬರುವುದು ಅಭ್ಯಾಸದಿಂದ. ಗೀಜಗದ ಗೂಡನ್ನು ಕಾಣದ ಹಳ್ಳಿಗರಿಲ್ಲ. 1930ರಲ್ಲಿ, ಕೈಯಲ್ಲಿ ಉದ್ಯೋಗವಿಲ್ಲದ ದಿನಗಳಲ್ಲಿ, ಸಲೀಂ ಅಲಿಯವರು ಮಹಾರಾಷ್ಟ್ರದ ಕರಾವಳಿಯ ಕಿಹಿಮ್‌ನಲ್ಲಿ ಆ ಗೂಡುಗಳನ್ನು ತಿಂಗಳುಗಟ್ಟಲೆ ಕುಳಿತು ನೋಡಿದರು. ಗಂಡು ಅರೆಗೂಡು ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಬಳಿಕ ಗಂಡು ಮತ್ತೊಂದು ಗೂಡಿಗೆ ತೊಡಗುತ್ತದೆ. ಒಂದು ದಿನದ ನೋಟಕ್ಕೆ ದಕ್ಕುವ ಸಂಗತಿಗಳಲ್ಲ ಇವು. ಹತ್ತು ವರ್ಷಗಳ ಬಳಿಕ ಅದೇ ಕಣ್ಣು ಶ್ರೀರಂಗಪಟ್ಟಣದ ಬಳಿಯ ಕಾವೇರಿ ನಡುಗಡ್ಡೆಗಳ ಮಹತ್ವವನ್ನು ಗುರುತಿಸಿತು. ಅವರು ಮೈಸೂರು ಅರಸರ ಮನವೊಲಿಸಿದ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು.

ಕಂಚು ಹಿತ್ತಾಳೆಯ ವಿಗ್ರಹಗಳಿಗೆ ಹೆಸರಾದ ನಾಗಮಂಗಲದ ಎರಕದ ವಿದ್ಯೆಯೂ ಇದನ್ನೇ ಕಲಿಸುತ್ತದೆ. ಮೊದಲು ಮೇಣದಲ್ಲಿ ರೂಪ ತಿದ್ದಬೇಕು. ಅದಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣವನ್ನು ಹರಿಯಬಿಟ್ಟ ಮೇಲೆಯೇ ಲೋಹ ಹೊಯ್ಯಬೇಕು. ಮೇಣದಲ್ಲಿ ಉಳಿದ ತಪ್ಪು ಲೋಹದಲ್ಲಿ ಮೂಡದೆ ಇರದು. ಮಾತಿಗೂ ನಿರ್ಧಾರಕ್ಕೂ ಇದೇ ನಿಯಮ: ಮನನ ಮಾಡುವಾಗ ತಿದ್ದುವುದು ಸುಲಭ, ಸಭೆಯಲ್ಲಿ ನುಡಿದ ಮೇಲೆ ಕಷ್ಟ.

ಬಿಡುವಿಗೂ ಇಲ್ಲಿ ಸ್ಥಾನವಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರು ತಮ್ಮ ಪ್ರಬಂಧಸಂಗ್ರಹವೊಂದಕ್ಕೆ 'ಹಗಲುಗನಸುಗಳು' ಎಂದೇ ಹೆಸರಿಟ್ಟರು. ಬಸ್ಸಿಗೆ ಕಾಯುವ ಹತ್ತು ನಿಮಿಷವನ್ನೂ ಪರದೆಗೆ ಒಪ್ಪಿಸಿದವರಿಗೆ ಆಲೋಚನೆ ಕುದುರುವುದು ಯಾವಾಗ?

ಅಭ್ಯಾಸ ಸರಳವಾಗಿರಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಊರಿನ ಒಂದು ಮರವನ್ನೋ ಕೆರೆಯನ್ನೋ ಆರಿಸಿಕೊಂಡು, ಮೊಬೈಲನ್ನು ಮನೆಯಲ್ಲಿಟ್ಟು, ದಿನಕ್ಕೆ ಅರ್ಧ ಗಂಟೆ ಅದರ ಮುಂದೆ ಕುಳಿತುಕೊಳ್ಳಲಿ. ಕಂಡದ್ದನ್ನು ತಾರೀಖಿನೊಂದಿಗೆ ಬರೆದಿಡಲಿ. ಮೊದಲ ವಾರ ಬೇಸರವಾದೀತು. ಬೇಸರವನ್ನು ದಾಟಿದ ಮೇಲೆಯೇ ಕಣ್ಣು ತೆರೆಯುವುದು. ಹಿರಿಯರು ವಾರಕ್ಕೊಮ್ಮೆ ಜಗಲಿಯಲ್ಲಿ ಸೇರಿ, ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿ, ಅರ್ಥವಾಗದ ಸಾಲಿನಲ್ಲಿ ನಿಂತು ಚರ್ಚಿಸಲಿ.

ಈ ಅಭ್ಯಾಸದ ಅಗತ್ಯ ದೂರದ್ದಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಯೋಜನೆಯೊಂದಕ್ಕೆ ಸಾರ್ವಜನಿಕ ಅಹವಾಲು ನಡೆಸುವಾಗ ಜನರ ಪ್ರತಿಕ್ರಿಯೆಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಡಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ ಮೂವತ್ತು ದಿನಗಳಲ್ಲಿ ವರದಿಯನ್ನು ಕೊನೆಯ ಪುಟದವರೆಗೆ ಓದಿ, ಅದರಲ್ಲಿ ಬರೆದ ಹಳ್ಳವನ್ನು ನಿಜವಾದ ಹಳ್ಳದೊಂದಿಗೆ ಹೋಲಿಸಿ, ಪ್ರಶ್ನೆ ಕೇಳಬಲ್ಲವರು ಪ್ರತಿ ಹಳ್ಳಿಯಲ್ಲೂ ನಾಲ್ವರಾದರೂ ಇರಬೇಕು. ಹತ್ತು ವರ್ಷದ ನೋಟ್‌ಪುಸ್ತಕ ಕೈಯಲ್ಲಿದ್ದವರ ಪ್ರಶ್ನೆಯನ್ನು ಯಾವ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರರು. ಅಂಥ ನೋಟ್‌ಪುಸ್ತಕದ ಮೊದಲ ಪುಟವನ್ನು ಇಂದು ಸಂಜೆಯೇ ಬರೆಯಬಹುದು.