ಲೆಕ್ಕ ಸಿಕ್ಕಿದ ದಿನ



ಕುಂದಾಪುರದಿಂದ ಹೊಸಂಗಡಿಗೆ, ಅಲ್ಲಿಂದ ಬಾಳೆಬರೆ ಘಟ್ಟ ಹತ್ತಿ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಸಿದ್ದಾಪುರ ಸಿಗುತ್ತದೆ. ಬಸ್ಸು ನಿಂತಾಗ ಇಳಿದು ಅಲ್ಲಿ ಒಂದು ಲೋಟ ಚಹಾ ಕುಡಿದವರು ನಿಮ್ಮಲ್ಲಿಯೂ ಕೆಲವರಿರಬಹುದು. ಆ ಪೇಟೆಯಲ್ಲಿ ನನ್ನ ಸೋದರಮಾವನವರ ದಿನಸಿ ಅಂಗಡಿಯೊಂದಿತ್ತು. ಚುನಾವಣೆಯಿಂದ ವ್ಯಾಪಾರಿಯೂ ಗೃಹಸ್ಥನೂ ಕಲಿಯುವುದು ಏನಾದರೂ ಉಂಟೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ದೆಹಲಿ, ಬೆಂಗಳೂರುಗಳಿಗಿಂತ ಮೊದಲು ನೆನಪಾಗುವುದು ಆ ಅಂಗಡಿಯ ಜಗಲಿ.

1993ರಲ್ಲಿ ಹೊಸ ಪಂಚಾಯತ್‌ರಾಜ್ ಕಾಯಿದೆ ಬಂದು, ಆ ವರ್ಷದ ಕೊನೆಯಲ್ಲಿ ಗ್ರಾಮ ಪಂಚಾಯತಿಗಳಿಗೆ ಚುನಾವಣೆ ನಡೆಯಿತಷ್ಟೆ. ಮಾವನವರು ಅದಕ್ಕೆ ನಿಂತರು. ಗೆಲುವಿನ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವರ ಧೈರ್ಯಕ್ಕೆ ಕಾರಣ ಹಣದ ಪೆಟ್ಟಿಗೆಯ ಮಗ್ಗುಲಲ್ಲಿದ್ದ ಕಡದ ಪುಸ್ತಕ. ಆಸಾಡಿಯ ಮಳೆಯಲ್ಲಿ ಕೆಲಸವಿಲ್ಲದೆ ಕುಳಿತ ಮನೆಗಳಿಗೆ ಅಕ್ಕಿ, ಬೆಲ್ಲ, ಸೀಮೆಎಣ್ಣೆಗಳನ್ನು ಕಡ ಕೊಟ್ಟವರು ಅವರೇ. ಆ ಪುಸ್ತಕದಲ್ಲಿ ಹೆಸರಿಲ್ಲದ ಮನೆ ತಮ್ಮ ವಾರ್ಡಿನಲ್ಲಿ ಯಾವುದುಂಟು ಎಂದು ಅವರು ಕೇಳುತ್ತಿದ್ದರು.

ಎಣಿಕೆಯಾದಾಗ ಪುಸ್ತಕದಲ್ಲಿದ್ದ ಹೆಸರುಗಳ ಅರ್ಧದಷ್ಟು ವೋಟೂ ಬಂದಿರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ಇಳಿದ ಮಾವನವರನ್ನು ಹೇಗೆ ಸಮಾಧಾನಪಡಿಸುವುದೆಂದು ನೆರೆಯವರಿಗೆ ತಿಳಿಯಲಿಲ್ಲ. ಮಾವನವರು ಮಾತ್ರ, "ಬೇಜಾರ್ ಎಂತಕೆ ಮಾರಾಯ್ರೆ? ಲೆಕ್ಕ ಸಿಕ್ತ್ ಕಾಣಿ" ಎಂದು ನಕ್ಕರು. ಜಗಲಿಯ ಮೇಲೆ ನಕ್ಕದ್ದು ನಿಜ. ಒಳಗೆ ಬಂದ ಮೇಲೆ ನಗು ಉಳಿಯಲಿಲ್ಲ. ಪುಸ್ತಕ ತೆರೆದು ಪೆನ್ಸಿಲ್ ಹಿಡಿದು, ಇಂಥವನಿಗೆ ನಾಳೆಯಿಂದ ಕಡವಿಲ್ಲ, ಇಂಥವಳಿಗೆ ಒಂದು ಸೇರು ಅಕ್ಕಿಯೂ ಇಲ್ಲ ಎಂದು ಲೆಕ್ಕ ಹಾಕತೊಡಗಿದರು. ಆಗ ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಯಾರ್ ಹೆಸ್ರಿಗೆ ಗೀಟ್ ಹಾಕ್ತ್ರಿ? ಚೀಟಿ ಮೇಲೆ ಹೆಸ್ರ್ ಇದ್ದಿತ್ತಾ?"

ಇರಲಿಲ್ಲ. ಗುಪ್ತ ಮತದಾನದ ದೊಡ್ಡ ಗುಣವೇ ಅದು. ಯಾರು ಕೈಬಿಟ್ಟರೆಂದು ತಿಳಿಯುವುದಿಲ್ಲ, ಎಷ್ಟು ಮಂದಿ ಎಂಬುದಷ್ಟೇ ತಿಳಿಯುತ್ತದೆ. ಸೇಡು ತೀರಿಸಿಕೊಳ್ಳಲು ದಾರಿ ಇಲ್ಲವಾದುದರಿಂದ, ಕಾರಣ ಹುಡುಕುವುದೊಂದೇ ಉಳಿಯುತ್ತದೆ. ಮಾವನವರೂ ಕಡೆಗೆ ಅದನ್ನೇ ಮಾಡಿದರು. ಕಡದಲ್ಲಿರುವವನು ಅಂಗಡಿಗೆ ಬರುವುದು ಪ್ರೀತಿಯಿಂದಲ್ಲ, ಬೇರೆ ಕಡೆಗೆ ಹೋಗಲಾರದ್ದರಿಂದ. ಅಕ್ಕಿಯಲ್ಲಿ ಕಲ್ಲಿದೆ ಎಂದು ಅವನು ಹೇಳಲಾರ. ತಕ್ಕಡಿ ಡಬ್ಬಗಳ ಹಿಂದಿದೆ, ತೂಕ ಕಾಣುವುದಿಲ್ಲ ಎಂದೂ ಹೇಳಲಾರ. ಹತ್ತು ಮಂದಿಯ ಎದುರಿನಲ್ಲಿ "ನಿನ್ನದು ಇನ್ನೂರ ನಲವತ್ತು ಬಾಕಿ" ಎಂದು ಗಟ್ಟಿಯಾಗಿ ಓದಿದಾಗ ಆಗುವ ನೋವನ್ನಂತೂ ಹೇಳಲೇ ಆರ. ಇದನ್ನೆಲ್ಲ ಹೇಳಲು ಅವನಿಗೆ ಸಿಕ್ಕಿದ ಜಾಗ ಒಂದೇ, ಮತಗಟ್ಟೆಯ ಆ ರಟ್ಟಿನ ಮರೆ.

ತಕ್ಕಡಿ ಮುಂದಕ್ಕೆ ಬಂತು. ಬಾಕಿಯನ್ನು ಮಡಿಸಿದ ಚೀಟಿಯಲ್ಲಿ ಬರೆದುಕೊಡುವ ಕ್ರಮ ಬಂತು. ಹಾಗೆಂದು ಮಾವನವರು ಸಂತರಾದರೆಂದು ತಿಳಿಯಬೇಡಿ. ಕೊಬ್ಬರಿ ಎಣ್ಣೆಯ ದರದಲ್ಲಿ ಒಂದು ಪೈಸೆಯನ್ನೂ ಇಳಿಸಲಿಲ್ಲ! ಎರಡು ಮೂರು ವರ್ಷಗಳಲ್ಲಿ ಅದೇ ಪೇಟೆಯಲ್ಲಿ ರೊಕ್ಕದ ವ್ಯಾಪಾರದ ದೊಡ್ಡ ಅಂಗಡಿ ತೆರೆಯಿತು. ಕೆಲವರು ಅತ್ತ ಹೋದರು, ಬಹಳ ಮಂದಿ ಉಳಿದರು. ಚುನಾವಣೆಗೆ ನಿಲ್ಲದೆ ಹೋಗಿದ್ದರೆ ಅವರಿಗೆ ಲೆಕ್ಕ ಸಿಗುತ್ತಿದ್ದುದು ಆ ಅಂಗಡಿ ತೆರೆದ ದಿನ. ಆಗ ತಕ್ಕಡಿಯನ್ನು ಮುಂದಕ್ಕೆ ಸರಿಸಿದರೂ ನೋಡುವವರು ಯಾರು?

ವ್ಯಾಪಾರದಲ್ಲಿ ಮತದಾನ ದಿನವೂ ನಡೆಯುತ್ತದೆ. ಎಣಿಕೆಯ ದಿನವೊಂದು ಗೊತ್ತಾಗಿರುವುದಿಲ್ಲ. ನಮ್ಮ ಕರಾವಳಿಯ ಹೆಂಚಿನ ಉದ್ಯಮವನ್ನೇ ನೋಡಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಒಂದು ಶತಮಾನ ಕಾಲ ಆ ಕೆಂಪು ಹೆಂಚಿಗೆ ಎದುರೇ ಇರಲಿಲ್ಲ. ಆಮೇಲೆ ತಾರಸಿ ಬಂತು. ಮನೆ ಕಟ್ಟುವ ಒಬ್ಬೊಬ್ಬನೂ ತಾರಸಿ ಹಾಕಿಸಿದಾಗ ಒಂದು ವೋಟು ಬಿದ್ದಂತೆಯೇ. ಆದರೆ ಅದನ್ನು ಘೋಷಿಸುವ ಅಧಿಕಾರಿ ಯಾರೂ ಇರಲಿಲ್ಲ. ಎಷ್ಟೋ ಕಾರ್ಖಾನೆಗಳಿಗೆ ಫಲಿತಾಂಶ ತಿಳಿದುದು ಗೂಡಿನ ಬೆಂಕಿ ಆರಿದ ಮೇಲೆ.

ಎಣಿಕೆಯ ದಿನ ತಾನಾಗಿ ಬರುವವರೆಗೆ ಕಾಯದೆ, ತಾವೇ ಅದನ್ನು ಕರೆಸಿಕೊಂಡವರೂ ಉಂಟು. ರಾಮಕೃಷ್ಣ ಹೆಗಡೆಯವರು ಸಿದ್ದಾಪುರದವರು. ನಮ್ಮ ಸಿದ್ದಾಪುರವಲ್ಲ, ಘಟ್ಟದ ಮೇಲೆ ಉತ್ತರ ಕನ್ನಡದಲ್ಲಿರುವ ಸಿದ್ದಾಪುರ. 1983ರ ಜನವರಿಯಲ್ಲಿ ಅವರು ಮುಖ್ಯಮಂತ್ರಿಯಾದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಅವರ ಜನತಾ ಪಕ್ಷಕ್ಕೆ ಸಿಕ್ಕಿದುದು ನಾಲ್ಕೇ. ವಿಧಾನಸಭೆಗೆ ಇನ್ನೂ ಮೂರು ವರ್ಷಗಳ ಆಯುಸ್ಸಿತ್ತು, ಸುಮ್ಮನಿದ್ದರೂ ನಡೆಯುತ್ತಿತ್ತು. ಹೆಗಡೆಯವರು ಸಭೆಯನ್ನು ವಿಸರ್ಜಿಸಲು ಸಲಹೆಯಿತ್ತು ಜನರ ಬಳಿಗೆ ಮತ್ತೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಎರಡು ಚುನಾವಣೆಗಳ ನಡುವೆ ಮೂರು ತಿಂಗಳೂ ಪೂರ್ತಿ ಕಳೆದಿರಲಿಲ್ಲ. ಜನ ಚಂಚಲರೆಂದು ಆಗ ಕೆಲವರು ಆಡಿಕೊಂಡರು. ನನಗೆ ಹಾಗೆ ತೋರುವುದಿಲ್ಲ. ಮೊದಲ ಸಲ ಕೇಳಿದ ಪ್ರಶ್ನೆ ದೆಹಲಿಯದು, ಎರಡನೆಯದು ಬೆಂಗಳೂರಿನದು. ಪ್ರಶ್ನೆ ಬೇರೆಯಾದಾಗ ಉತ್ತರವೂ ಬೇರೆಯಾಯಿತು. ಒಂದು ಸರಕು ಮಾರಾಟವಾಗದೆ ಹೋದರೆ ಊರೇ ತನ್ನನ್ನು ಒಲ್ಲದೆಂದು ಬಾಗಿಲು ಹಾಕುವವನೂ, ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗನನ್ನು ಬದುಕಿಗೇ ಅಯೋಗ್ಯನೆಂದು ಬೈಯುವ ತಂದೆಯೂ ಈ ಲೆಕ್ಕವನ್ನೊಮ್ಮೆ ನೋಡಬೇಕು.

ಚುನಾವಣೆ ನಡೆಸುವವರೂ ತಮ್ಮ ಕ್ರಮವನ್ನು ಬದಲಿಸುತ್ತಲೇ ಬಂದಿದ್ದಾರೆ. 1952ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಮೇಲೆ ಅವನ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. 1962ರ ಹೊತ್ತಿಗೆ ಒಂದೇ ಚೀಟಿಯಲ್ಲಿ ಎಲ್ಲ ಚಿಹ್ನೆಗಳನ್ನೂ ಅಚ್ಚು ಹಾಕಿ ಮುದ್ರೆ ಒತ್ತುವ ಪದ್ಧತಿ ಬಂತು. 2004ರ ಲೋಕಸಭಾ ಚುನಾವಣೆಗೆ ಎಲ್ಲ ಕಡೆಯೂ ಯಂತ್ರ ಬಂತು. ಪೆಟ್ಟಿಗೆ ಹೋಯಿತು, ಚೀಟಿ ಹೋಯಿತು. ಮರೆಯಲ್ಲಿ ನಿಂತು ಒಬ್ಬನೇ ತೀರ್ಮಾನಿಸುವ ಹಕ್ಕು ಹೋಗಲಿಲ್ಲ. ಬೆರಳಿನ ಶಾಯಿಯೂ ಹೋಗಲಿಲ್ಲ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಮೈಸೂರಿನ ಸಂಸ್ಥೆ, 1962ರಿಂದ ದೇಶದ ಚುನಾವಣೆಗಳಿಗೆ ಆ ಶಾಯಿಯನ್ನು ಒದಗಿಸುತ್ತ ಬಂದಿದೆ.

ಬದಲಾವಣೆಗೆ ಬೆಲೆ ತೆತ್ತವರೂ ಇದ್ದಾರೆ. ಮೊದಲ ಮತದಾರರ ಪಟ್ಟಿ ತಯಾರಾದಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅದು ಕಠಿಣ ಕ್ರಮವೇ ಸರಿ. ಸರಿಯೋ ತಪ್ಪೋ ಎಂದು ಈಗಲೂ ವಾದಿಸಬಹುದು.

ಇದನ್ನು ಓದಿದಾಗ ನನಗೆ ಅತ್ತೆಯವರ ನೆನಪಾಗುತ್ತದೆ. 2000ದ ಪಂಚಾಯತಿ ಚುನಾವಣೆಯಲ್ಲಿ ಆ ವಾರ್ಡಿನ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. "ನೀವ್ ನಿಲ್ಲಿ" ಎಂದು ಹೇಳಲು ಬಂದವರಲ್ಲಿ ಕಡದ ಪುಸ್ತಕದ ಮನೆಯವರೂ ಇದ್ದರು. ಊರಿಗೆಲ್ಲ ಅವರು ಅಂಗಡಿ ಅಮ್ಮ. ಕರಪತ್ರದಲ್ಲಿಯೂ ಹಾಗೆಯೇ ಅಚ್ಚು ಹಾಕಿಸಿದರೆ ಸುಲಭವೆಂದು ಮಾವನವರು ಸೂಚಿಸಿದರು. ಅತ್ತೆಯವರು ಬಿಲ್‌ಕುಲ್ ಒಪ್ಪಲಿಲ್ಲ. ತಮ್ಮ ಹೆಸರನ್ನೇ ಹಾಕಿಸಿದರು. ಹೆಸರು ನೋಡಿದ ವಾರ್ಡಿನವರು ಇದು ಯಾರಪ್ಪ ಎಂದು ಕೇಳತೊಡಗಿದರು. ಮತದಾನದ ಹಿಂದಿನ ದಿನದವರೆಗೂ ಮಾವನವರು ಸಾಮಾನು ಕಟ್ಟಿಕೊಡುತ್ತ, ಬಂದ ಬಂದ ಗಿರಾಕಿಗಳಿಗೆ ಹೆಂಡತಿಯ ಹೆಸರನ್ನು ಹೇಳಿಕೊಡಬೇಕಾಯಿತು.