ಮೊದಲ ಮುದ್ರಣದ ಮೋಹ

ನನ್ನ ಪುಸ್ತಕದ ಬೀರುವಿನಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಒಂದು ಪುಸ್ತಕವಿದೆ. ನೋಡಿದವರು ಅದನ್ನು ಶಾಲೆಯ ಹುಡುಗನ ಲೆಕ್ಕದ ಪುಸ್ತಕವೆಂದೇ ತಿಳಿಯುತ್ತಾರೆ. ಅದು ಅಮೆರಿಕದ ಕಾದಂಬರಿಕಾರ ಸಿಂಕ್ಲೇರ್ ಲೂಯಿಸ್ ಬರೆದ 'ಬ್ಯಾಬಿಟ್'. 1922ರಲ್ಲಿ ನ್ಯೂಯಾರ್ಕಿನ ಹಾರ್ಕೋರ್ಟ್ ಬ್ರೇಸ್ ಸಂಸ್ಥೆ ಹೊರತಂದ ಮೊದಲ ಮುದ್ರಣದ ಪ್ರತಿ. ಅಂಥ ಪುಸ್ತಕಕ್ಕೆ ಈ ಬಡ ಉಡುಪು ಬಂದ ಕಥೆ ನನಗೆ ಗೌರವ ತರುವಂಥದಲ್ಲ. ಆದರೂ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಹವ್ಯಾಸದ ವಿಷಯವಾಗಿ ನಾಲ್ಕು ಮಾತು ಅಗತ್ಯ.

"ಕಾದಂಬರಿ ಇರುವುದು ಓದುವುದಕ್ಕೆ ತಾನೆ? ಮೊದಲನೆಯ ಮುದ್ರಣವಾದರೇನು, ಹತ್ತನೆಯದಾದರೇನು?" ಎಂದು ನನ್ನಾಕೆ ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಹತ್ತನೆಯ ಮುದ್ರಣದಲ್ಲಿ ತಪ್ಪುಗಳು ತಿದ್ದಿರುತ್ತವೆ. ಅಕ್ಷರ ಹೊಸದು, ಬೆಲೆಯೂ ಕಡಿಮೆ. ವಿವೇಕಿಯಾದವನು ಕೊಳ್ಳಬೇಕಾದ್ದು ಅದನ್ನೇ. ಆದರೆ ಸಂಗ್ರಾಹಕ ಹುಡುಕುವುದು ತಿದ್ದಿದ ಪುಸ್ತಕವನ್ನಲ್ಲ, ತಪ್ಪಿರುವ ಪುಸ್ತಕವನ್ನು.

ಇದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪ್ರಕಾಶಕರು ಮೊದಲ ಮುದ್ರಣವನ್ನು ಗುರುತಿಸುವುದರಲ್ಲಿ ಒಂದೇ ನಿಯಮವನ್ನು ಪಾಲಿಸುತ್ತಿರಲಿಲ್ಲ. ಆಪಲ್ಟನ್ ಸಂಸ್ಥೆಯವರು ಪುಸ್ತಕದ ಕೊನೆಯ ಪುಟದಲ್ಲಿ, ಬರಹ ಮುಗಿದ ಮೇಲೆ, ಕಂಸದೊಳಗೆ 1 ಎಂಬ ಸಣ್ಣ ಅಂಕಿಯನ್ನು ಹಾಕುತ್ತಿದ್ದರು. ಸ್ಕ್ರಿಬ್ನರ್ ಸಂಸ್ಥೆಯವರು ಹಕ್ಕುಸ್ವಾಮ್ಯದ ಪುಟದಲ್ಲಿ 'ಎ' ಅಕ್ಷರ ಮುದ್ರಿಸತೊಡಗಿದ್ದು 1930ರ ಸುಮಾರಿಗೆ. ಅದಕ್ಕೆ ಹಿಂದಿನ ಪುಸ್ತಕಗಳಲ್ಲಿ ಅಂಥ ಗುರುತಿಲ್ಲ. ಆಗ ನೆರವಿಗೆ ಬರುವುದು ಮುದ್ರಣದೋಷ. ಆ ಕಾಲದಲ್ಲಿ ಪುಟಗಳನ್ನು ಲೋಹದ ಫಲಕಗಳಾಗಿ ಎರಕಹೊಯ್ದು ಅವುಗಳಿಂದ ಅಚ್ಚು ಹಾಕುತ್ತಿದ್ದರು. ತಪ್ಪು ಕಣ್ಣಿಗೆ ಬಿದ್ದರೆ, ಫಲಕದ ಅಷ್ಟು ಭಾಗವನ್ನು ಕತ್ತರಿಸಿ ಹೊಸ ಅಕ್ಷರಗಳನ್ನು ಬೆಸೆದು, ಮುಂದಿನ ಮುದ್ರಣಕ್ಕೆ ಕೊಡುತ್ತಿದ್ದರು. ಆದ್ದರಿಂದ ತಪ್ಪು ಉಳಿದಿದ್ದರೆ ಪ್ರತಿ ಹಳೆಯದು, ತಿದ್ದಿದ್ದರೆ ಅನಂತರದ್ದು.

ಸ್ಕಾಟ್ ಫಿಟ್ಸ್‌ಜೆರಾಲ್ಡನ 'ದಿ ಗ್ರೇಟ್ ಗ್ಯಾಟ್ಸ್‌ಬಿ' 1925ರ ಏಪ್ರಿಲ್ 10ರಂದು ಪ್ರಕಟವಾಯಿತು. ಅದರ ಮೊದಲ ಮುದ್ರಣದ 119ನೆಯ ಪುಟದಲ್ಲಿ ದಕ್ಷಿಣವೆಂದು ಇರಬೇಕಾದಲ್ಲಿ ಉತ್ತರವೆಂದಿದೆ. ಮೇಲುಹೊದಿಕೆಯ ಹಿಂಬದಿಯಲ್ಲಂತೂ ನಾಯಕನ ಹೆಸರಿನ ಮೊದಲ ಅಕ್ಷರವೇ ಚಿಕ್ಕದಾಗಿ ಬಿದ್ದು, ಅದನ್ನು ಮಸಿಯಿಂದ ಕೈಯಲ್ಲಿ ತಿದ್ದಿದ್ದಾರೆ. ಹೆಮಿಂಗ್ವೇಯ 'ದಿ ಸನ್ ಆಲ್ಸೊ ರೈಸಸ್' 1926ರದು. ಅದರ 181ನೆಯ ಪುಟದಲ್ಲಿ 'ನಿಂತಿತು' ಎಂಬರ್ಥದ ಇಂಗ್ಲಿಷ್ ಪದದಲ್ಲಿ ಎರಡು 'ಪಿ'ಗಳಿರಬೇಕಾದ ಕಡೆ ಮೂರಿವೆ. ಆ ಮೂರನೆಯ 'ಪಿ'ಗಾಗಿ ಜನ ಊರೂರು ಅಲೆದಿದ್ದಾರೆ.

ಎಲ್ಲ ತಪ್ಪುಗಳೂ ಅಚ್ಚಿನ ಮನೆಯವರವಲ್ಲ. ಈಡಿತ್ ವಾರ್ಟನ್ 1920ರಲ್ಲಿ 'ದಿ ಏಜ್ ಆಫ್ ಇನೊಸೆನ್ಸ್' ಪ್ರಕಟಿಸಿದಳು. ಅದರ ನಾಯಕ ಬೇರೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು, ಸಮಾಜ ಮೆಚ್ಚುವ ಹುಡುಗಿಯನ್ನು ಇಗರ್ಜಿಯಲ್ಲಿ ಮದುವೆಯಾಗುತ್ತಾನೆ. ಮೊದಲ ಮುದ್ರಣದಲ್ಲಿ ಪಾದ್ರಿ ಆ ಸಂದರ್ಭದಲ್ಲಿ ಆರಂಭಿಸುವ ಮಾತುಗಳು ವಿವಾಹವಿಧಿಯವಲ್ಲ, ಶವಸಂಸ್ಕಾರದವು! ಲೇಖಕಿಯ ನೆನಪು ಮೋಸಮಾಡಿತ್ತು. ತಪ್ಪು ಬೆಳಕಿಗೆ ಬಂದ ಮೇಲೆ ಅನಂತರದ ಮುದ್ರಣಗಳಲ್ಲಿ ವಿವಾಹದ ಮಾತುಗಳೇ ಬಂದವು. ತಿದ್ದಿದ್ದು ಸರಿಯೇ. ಆದರೆ ಒಂದು ಮದುವೆಯೊಳಗಿನ ಸಾವನ್ನು ಚಿತ್ರಿಸುತ್ತಿದ್ದ ಲೇಖನಿ ತನಗೆ ತಿಳಿಯದೆಯೇ ಹೀಗೆ ಜಾರಿತಲ್ಲ ಎಂದು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಆ ಬೆರಗು ಸಿಕ್ಕುವುದು ತಪ್ಪಿರುವ ಪ್ರತಿಯಲ್ಲಿ ಮಾತ್ರ.

ಮೊದಲ ಮುದ್ರಣದ ಇನ್ನೊಂದು ಗುಣ ಅದರ ಅಜ್ಞಾನ. ತನ್ನ ಮುಂದಿನ ಭಾಗ್ಯವೇನೆಂದು ಅದಕ್ಕೆ ತಿಳಿಯದು. ಥಿಯೊಡೋರ್ ಡ್ರೈಸರನ 'ಸಿಸ್ಟರ್ ಕ್ಯಾರಿ' 1900ರಲ್ಲಿ ಬಂದಾಗ ಪ್ರಕಾಶಕನಿಗೇ ಅದು ಬೇಡವಾಗಿತ್ತು. ಅಚ್ಚಾದದ್ದು ಸುಮಾರು ಸಾವಿರ ಪ್ರತಿ, ಮಾರಿಹೋದದ್ದು ಐನೂರಕ್ಕೂ ಕಡಿಮೆ. ಫಾಕ್ನರನ 'ದಿ ಸೌಂಡ್ ಅಂಡ್ ದಿ ಫ್ಯೂರಿ'ಯ ಮೊದಲ ಮುದ್ರಣ, 1929ರಲ್ಲಿ, 1,789 ಪ್ರತಿಗಳು. 'ಗ್ಯಾಟ್ಸ್‌ಬಿ'ಯ ಮೊದಲ ಮುದ್ರಣವೇನೋ 20,870. ಆದರೆ ಅದೇ ವರ್ಷದ ಎರಡನೆಯ ಮುದ್ರಣದ 3,000 ಪ್ರತಿಗಳೇ ಪೂರ್ತಿ ಖರ್ಚಾಗದೆ, 1940ರಲ್ಲಿ ಫಿಟ್ಸ್‌ಜೆರಾಲ್ಡ್ ತೀರಿಕೊಂಡಾಗಲೂ ಉಗ್ರಾಣದಲ್ಲಿ ಉಳಿದಿದ್ದವು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅದೇ ಕಾದಂಬರಿಯ 1,55,000 ಅಗ್ಗದ ಪ್ರತಿಗಳು ಸೈನಿಕರ ಕೈಸೇರಿದವು. ಅದನ್ನು ನೋಡಲು ಬರೆದವನು ಬದುಕಿರಲಿಲ್ಲ.

ಸಂಗ್ರಹವೆಂದರೆ ಹಣವಂತರ ಚಪಲವೆಂದು ಮೂಗುಮುರಿಯುವವರಿದ್ದಾರೆ. ಅಂಥವರಿಗೆ ನಾನು ಮ್ಯಾಥ್ಯೂ ಬ್ರುಕೊಲಿಯ ಹೆಸರು ಹೇಳುತ್ತೇನೆ. ಆತ ಫಿಟ್ಸ್‌ಜೆರಾಲ್ಡನ ಬಲೆಗೆ ಬಿದ್ದದ್ದು 1949ರಲ್ಲಿ, ರೇಡಿಯೋದಲ್ಲಿ ಅವನದೊಂದು ಕಥೆಯ ರೂಪಾಂತರವನ್ನು ಕೇಳಿ. ಕೇಳುಗರಿಗೆ ಇದು ಸಂತೋಷದ ಸುದ್ದಿಯಾಗಬೇಕು! ಮುಂದೆ ವಿದ್ವಾಂಸನಾಗಿ, ಹೆಂಡತಿ ಆರ್ಲಿನಳೊಡನೆ ಕೂಡಿಸಿದ ಪ್ರತಿಗಳ ನೆರವಿನಿಂದ ಆತ ಆ ಕಾದಂಬರಿಯ ಪಾಠವನ್ನು ಪರಿಷ್ಕರಿಸಿ 1991ರಲ್ಲಿ ಪ್ರಕಟಿಸಿದ. ಹಳಗನ್ನಡದ ಓಲೆಗರಿಗಳನ್ನು ಹೋಲಿಸಿ ಶುದ್ಧಪಾಠ ನಿರ್ಣಯಿಸುವ ನಮ್ಮ ಪಂಡಿತರ ಕೆಲಸವೇ ಅದು. 1994ರಲ್ಲಿ ಇಡೀ ಸಂಗ್ರಹ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಸೇರಿತು.

ಇನ್ನು ನನ್ನ ಕಥೆ. 1976ರಲ್ಲಿ ನಾನು ಮಿನ್ನೆಸೋಟದಲ್ಲಿ ವಿದ್ಯಾರ್ಥಿಯಾಗಿದ್ದೆ. ಲೂಯಿಸ್ ಹುಟ್ಟಿದ್ದು ಆ ಸೀಮೆಯಲ್ಲೇ. ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ 'ಬ್ಯಾಬಿಟ್' ಕಣ್ಣಿಗೆ ಬಿತ್ತು. ಕೊಟ್ಟದ್ದು ಎರಡು ಡಾಲರ್. ಮೇಲುಹೊದಿಕೆ ಅಂಚುಗಳಲ್ಲಿ ಹರಿದು, ಬೆನ್ನಿನ ಬಳಿ ಸುಕ್ಕಾಗಿತ್ತು. ಕೋಣೆಗೆ ಬಂದವನೇ ಅದನ್ನು ತೆಗೆದು ಕಸದ ಬುಟ್ಟಿಗೆ ಹಾಕಿದೆ. ದಿನಸಿ ತಂದ ಕಂದು ಕಾಗದದ ಚೀಲವನ್ನು ಕತ್ತರಿಸಿ, ಜೂನ್ ತಿಂಗಳಲ್ಲಿ ನನ್ನ ತಂದೆ ನನ್ನ ಪಠ್ಯಪುಸ್ತಕಗಳಿಗೆ ಹಾಕುತ್ತಿದ್ದ ಹಾಗೆಯೇ, ಮೂಲೆ ಮಡಿಸಿ ಹೊದಿಕೆ ಹಾಕಿದೆ. ಪುಸ್ತಕವನ್ನು ಗೌರವಿಸುವ ರೀತಿ ಇದೆಂದೇ ನನಗೆ ಮನೆಯಲ್ಲಿ ಕಲಿಸಿದ್ದರು.

ಮೇಲುಹೊದಿಕೆಯ ಮಹಿಮೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂದಿನ ಅಮೆರಿಕನ್ನರೂ ಅದನ್ನು ನನ್ನಂತೆಯೇ ಎಸೆಯುತ್ತಿದ್ದರು. ಆದ್ದರಿಂದಲೇ ಉಳಿದದ್ದು ಅಪೂರ್ವ. ಮೊದಲ ಮುದ್ರಣದ 'ಗ್ಯಾಟ್ಸ್‌ಬಿ' ಹೊದಿಕೆಯಿಲ್ಲದಿದ್ದರೆ ಕೆಲವು ಸಾವಿರ ಡಾಲರ್. ಒಳ್ಳೆಯ ಹೊದಿಕೆಯಿದ್ದರೆ ಲಕ್ಷಗಟ್ಟಲೆ. ನನ್ನ 'ಬ್ಯಾಬಿಟ್' ಅಷ್ಟು ದೊಡ್ಡ ಕುಳವಲ್ಲ. ಆದರೂ ಪುಸ್ತಕಕ್ಕಿಂತ ಹೆಚ್ಚು ಬೆಲೆಯುಳ್ಳದ್ದನ್ನು ಎಸೆದು, ಪುಸ್ತಕವನ್ನು ಜೋಪಾನ ಮಾಡಿದೆನೆಂದು ಬೀಗಿದ್ದೆನಲ್ಲ!

ಅಮೆರಿಕದಲ್ಲಿರುವ ನನ್ನ ಮಗ ಹೋದ ಸಲ ಬಂದಾಗ ಒಂದು ಉಪಾಯ ಹೇಳಿದ. "ಅಪ್ಪ, ಈಗ ಹಳೆಯ ಹೊದಿಕೆಯ ಪಡಿಯಚ್ಚು ಸಿಗುತ್ತೆ. ತಂದುಕೊಡ್ತೀನಿ, ಹಾಕಿಬಿಡಿ. ನೋಡೋದಕ್ಕಾದರೂ ಚೆನ್ನಾಗಿರುತ್ತೆ. ಹಾಗೇ 49ನೇ ಪುಟದ ಪೆನ್ಸಿಲ್ ಗೆರೆಯನ್ನೂ ಅಳಿಸಿದರೆ ಒಳ್ಳೆಯದು."

ಪಡಿಯಚ್ಚಿನ ಹೊದಿಕೆ ಹಾಕುವುದು ಅಪರಾಧವೇನಲ್ಲ, ಅದು ಪಡಿಯಚ್ಚೆಂದು ಬಾಯಿಬಿಟ್ಟು ಹೇಳುವವರೆಗೆ. ಆದರೆ ನಾನು ಹೋದ ಮೇಲೆ ಹೇಳುವವರು ಯಾರು?

ಆ ಪೆನ್ಸಿಲ್ ಗೆರೆಯ ವಿಷಯ ಹೇಳಬೇಕು. ಬ್ಯಾಬಿಟ್ ನಿವೇಶನಗಳ ವ್ಯಾಪಾರಿ. ಪರ್ಡಿ ಎಂಬ ದಿನಸಿ ಅಂಗಡಿಯವನಿಗೆ ಪಕ್ಕದ ಜಾಗ ಬೇಕಾಗುವುದೆಂದು ಊಹಿಸಿ, ಲೈಟ್ ಎಂಬವನಿಂದ ಅದನ್ನು ಮೊದಲೇ ಕೊಳ್ಳಿಸಿ, ಪರ್ಡಿಯ ಕೈಯಿಂದ ಹೆಚ್ಚಿನ ಹಣ ಕೀಳುತ್ತಾನೆ. ಈ ಪ್ರಸಂಗದಲ್ಲಿ, 49ನೆಯ ಪುಟದ ನಾಲ್ಕನೆಯ ಸಾಲಿನಲ್ಲಿ, ಲೈಟ್ ಎಂದಿರಬೇಕಾದ ಕಡೆ ಪರ್ಡಿ ಎಂದು ಅಚ್ಚಾಗಿದೆ. ಮೊದಲ ಮುದ್ರಣದ ಗುರುತು ಅದೇ. ನನ್ನ ಪ್ರತಿಯಲ್ಲಿ ಹಿಂದಿನ ಯಾರೋ ಓದುಗರು ಆ ಹೆಸರನ್ನು ಹೊಡೆದುಹಾಕಿ, ಅಂಚಿನಲ್ಲಿ ಪುಟ್ಟದಾಗಿ 'ಲೈಟ್' ಎಂದು ಬರೆದಿದ್ದಾರೆ. ಅವರ ಕೈಯಲ್ಲಿ ತಜ್ಞರ ಪಟ್ಟಿಯಿದ್ದಿರಲಾರದು. ಇದ್ದಿದ್ದರೆ ಈ ತಪ್ಪೇ ಪುಸ್ತಕದ ಬೆಲೆಯೆಂದು ತಿಳಿದು ತಿದ್ದದೆ ಬಿಡುತ್ತಿದ್ದರು. ಅವರು ಸುಮ್ಮನೆ ಓದಿದರು. ಯಾರು ಯಾರಿಗೆ ಮೋಸಮಾಡುತ್ತಿದ್ದಾರೆ ಎಂಬುದನ್ನು ಎಚ್ಚರದಿಂದ ಗಮನಿಸುತ್ತ ಓದಿದರು.

ಇನ್ನೊಂದು ಸಂಗತಿ. 1921ರಲ್ಲಿ ಪುಲಿಟ್ಜರ್ ಬಹುಮಾನದ ತೀರ್ಪುಗಾರರು ಆರಿಸಿದ್ದು ಲೂಯಿಸನ 'ಮೇನ್ ಸ್ಟ್ರೀಟ್' ಕಾದಂಬರಿಯನ್ನು; ಮೇಲಿನ ಮಂಡಳಿ ಅದನ್ನು ತಳ್ಳಿಹಾಕಿ ವಾರ್ಟನ್ನಳ 'ದಿ ಏಜ್ ಆಫ್ ಇನೊಸೆನ್ಸ್'ಗೆ ಬಹುಮಾನ ಕೊಟ್ಟಿತು. ಲೂಯಿಸ್ ಕಹಿಯಾಗದೆ ಆಕೆಗೆ ಅಭಿನಂದನೆ ಬರೆದ. ಮುಂದಿನ ವರ್ಷ 'ಬ್ಯಾಬಿಟ್' ಅನ್ನು ಆಕೆಗೇ ಅರ್ಪಿಸಿದ. ಸೋತವನೊಬ್ಬ ಗೆದ್ದವಳಿಗೆ ಸಲ್ಲಿಸಿದ ಆ ಒಂದು ಸಾಲು ಕಂದು ಕಾಗದದೊಳಗೆ ಇಂದಿಗೂ ಕ್ಷೇಮವಾಗಿದೆ. 1930ರಲ್ಲಿ ಆತ ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ ಆಗಲಿದ್ದಾನೆಂಬುದು ಈ ಪ್ರತಿಗೆ ಇನ್ನೂ ಗೊತ್ತಿಲ್ಲ.

ಮಗನಿಗೆ ಎರಡೂ ಬೇಡವೆಂದೆ. ಮೊನ್ನೆ ಒಂದು ಚೀಟಿ ಬರೆದು ಪುಸ್ತಕದೊಳಗೆ ಇಟ್ಟೆ: 'ಇದರ ಮೇಲುಹೊದಿಕೆಯನ್ನು 1976ರಲ್ಲಿ ತಿಳಿಯದೆ ಎಸೆದವನು ನಾನು. 49ನೆಯ ಪುಟದ ತಿದ್ದುಪಡಿ ನನಗಿಂತ ಹಿಂದಿನವರದು; ದಯವಿಟ್ಟು ಅಳಿಸಬೇಡಿ.' ಕೆಳಗೆ ಸಹಿ ಹಾಕಿ ತಾರೀಖು ಬರೆದೆ. ಅಚ್ಚಿನವರದೊಂದು ತಪ್ಪು, ಓದುಗರದೊಂದು ತಿದ್ದುಪಡಿ, ನನ್ನದೊಂದು ತಪ್ಪೊಪ್ಪಿಗೆ. ಮುಂದೆ ಯಾರ ಕೈಸೇರುತ್ತದೋ, ಅವರು ಇವು ಮೂರನ್ನೂ ಸೇರಿಸಿಯೇ ಓದಿಕೊಳ್ಳಲಿ.