ಹುಳಿಯನ್ನು ಹಿಡಿದುಕೊಟ್ಟ ಸುಣ್ಣ

ಕಿರಾಣಿ ಅಂಗಡಿಯಿಂದ ತರುವ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಈಗ ನಿಂಬೆಹಣ್ಣಿನಿಂದ ಬರುವಂಥದ್ದಲ್ಲ. ಕಾಕಂಬಿಯಲ್ಲೋ ಸಕ್ಕರೆ ನೀರಿನಲ್ಲೋ ಬೆಳೆಸಿದ ಕಪ್ಪು ಬೂಷ್ಟು ಆ ಹುಳಿಯನ್ನು ತಯಾರಿಸುತ್ತದೆ. ಆದರೆ ಹುದುಗಿದ ರಾಡಿಯಿಂದ ಅದನ್ನು ಶುದ್ಧವಾಗಿ ಹೊರತೆಗೆಯುವ ಉಪಾಯ ಮಾತ್ರ ನಿಂಬೆಹಣ್ಣಿನ ಕಾಲದ್ದೇ.

ನಿಂಬೆರಸವನ್ನು ಬರಿದೇ ಬತ್ತಿಸಿದರೆ ಅಂಟುಪಾಕವಾದೀತು, ಹರಳು ಸುಲಭಕ್ಕೆ ಕಟ್ಟದು. 1784ರಲ್ಲಿ ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್‌ಹೆಲ್ಮ್ ಷೀಲೆ ಬಳಸುದಾರಿ ಹಿಡಿದ. ರಸಕ್ಕೆ ಸೀಮೆಸುಣ್ಣ ಬೆರೆಸಿದ. ಹುಳಿ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಲವಣವಾಗಿ ತಳಕ್ಕಿಳಿಯಿತು. ಅದನ್ನು ಸೋಸಿ, ಗಂಧಕಾಮ್ಲ ಹಾಕಿ ಮತ್ತೆ ಹುಳಿಯನ್ನು ಬಿಡಿಸಿಕೊಂಡ.

ಮುಂದೆ ಇದೇ ಲವಣ ಇಟಲಿಯಿಂದ ಹಡಗು ಹತ್ತಿ ಹೊರದೇಶಗಳ ಕಾರ್ಖಾನೆಗಳಿಗೆ ಹೋಗತೊಡಗಿತು. 1893ರಲ್ಲಿ ಜರ್ಮನಿಯ ಕಾರ್ಲ್ ವೆಮರ್, ಸಕ್ಕರೆಯಲ್ಲಿ ಬೆಳೆದ ಬೂಷ್ಟು ಸಿಟ್ರಿಕ್ ಆಮ್ಲ ಕೊಡುವುದನ್ನು ಕಂಡುಕೊಂಡ. ಮೊದಲ ಮಹಾಯುದ್ಧ ಇಟಲಿಯ ಸರಬರಾಜಿಗೆ ಅಡ್ಡಬಂತು. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕನ್ನನು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನ ಸಾಮರ್ಥ್ಯವನ್ನು ಪ್ರಕಟಿಸಿದ. 1919ರಲ್ಲಿ ಬ್ರೂಕ್ಲಿನ್ನಿನ ಫೈಜರ್ ಕಂಪನಿಯಲ್ಲಿ ತಯಾರಿಕೆ ಶುರುವಾಯಿತು.

ಕಾರ್ಖಾನೆಯ ಕೆಲಸ ಹೀಗೆ ಸಾಗುತ್ತದೆ. ಮೊದಲು ಬೂಷ್ಟನ್ನು ಸೋಸಿ ತೆಗೆಯುತ್ತಾರೆ. ಜೊತೆಗೆ ಆಕ್ಸಾಲಿಕ್ ಆಮ್ಲವೂ ಹುಟ್ಟಿದ್ದರೆ, ದ್ರವ ಇನ್ನೂ ಹುಳಿಯಾಗಿರುವಾಗಲೇ ತುಸು ಸುಣ್ಣ ಹಾಕಿ ಅದನ್ನು ಇಳಿಸಿಬಿಡುತ್ತಾರೆ. ಆಮೇಲೆ ದ್ರವವನ್ನು ಕಾಯಿಸಿ ಸುಣ್ಣದ ನೀರು ಬೆರೆಸುತ್ತಾರೆ. ಅಡುಗೆಯ ಉಪ್ಪು ಬಿಸಿನೀರಿನಲ್ಲಿ ತುಸು ಹೆಚ್ಚೇ ಕರಗುತ್ತದೆ. ಕ್ಯಾಲ್ಸಿಯಂ ಸಿಟ್ರೇಟಿನದು ತಿರುಗುಮುರುಗು, ಕಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಬಿಸಿಯಲ್ಲೇ ಸೋಸಿ, ಬಿಸಿನೀರಿನಲ್ಲೇ ತೊಳೆದರೆ ಉಳಿದ ಸಕ್ಕರೆ, ಬಣ್ಣ, ಪ್ರೋಟೀನು ಕೊಚ್ಚಿಹೋಗಿ ಬಿಳಿ ಲವಣ ಉಳಿಯುತ್ತದೆ. ಗಂಧಕಾಮ್ಲ ಹಾಕಿದೊಡನೆ ಸುಣ್ಣ ಜಿಪ್ಸಂ ಆಗಿ ಬೇರ್ಪಡುತ್ತದೆ. ತಿಳಿಯನ್ನು ಇದ್ದಿಲಿನಲ್ಲಿ ಹಾಯಿಸಿ, ಬತ್ತಿಸಿ, ಹರಳುಗಟ್ಟಿಸುತ್ತಾರೆ.

ಇಲ್ಲೇ ತೊಡಕಿರುವುದು. ಒಂದು ಟನ್ ಸಿಟ್ರಿಕ್ ಆಮ್ಲದ ಹಿಂದೆ ಒಂದು ಟನ್ನಿಗೂ ಮೀರಿ ಜಿಪ್ಸಂ ಬೀಳುತ್ತದೆ. ಲ್ಯಾಕ್ಟಿಕ್ ಆಮ್ಲವನ್ನು ಸುಣ್ಣದ ದಾರಿಯಲ್ಲಿ ತೆಗೆದರೂ ಇದೇ ಪಾಡು. ವಿದ್ಯುತ್ತಿನ ಬಲದಿಂದ ಲವಣವನ್ನು ತೆಳುಪೊರೆಗಳ ಮೂಲಕ ಹಾಯಿಸಿ, ಆಮ್ಲವನ್ನೂ ಕ್ಷಾರವನ್ನೂ ಬೇರೆಬೇರೆ ಪಡೆಯುವ ಎಲೆಕ್ಟ್ರೋಡಯಾಲಿಸಿಸ್ ವಿಧಾನವನ್ನು ಇಲ್ಲಿ ಬಳಸುವುದು ಈ ಹೊರೆ ತಪ್ಪಿಸಲೆಂದೇ. ಷೀಲೆಯ ಸುಣ್ಣ ಇನ್ನೂರು ವರ್ಷಕ್ಕೂ ಮೀರಿ ದುಡಿದಿದೆ; ಅದರ ಬೆನ್ನಿಗೆ ಬೀಳುವ ಜಿಪ್ಸಂ ರಾಶಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೇ ಅದು ಅಗ್ಗವೋ ಅಲ್ಲವೋ ಎಂದು ಹೇಳಬೇಕು.